ಸಫೋಕ್ ಪಂಚ್: ಜೇಡಿಮಣ್ಣಿನ ಕೆಂಗಂದು ಕುದುರೆಯನ್ನು ನೋಡಿ ಬಂದೆ

ಇಪ್ಸ್‌ವಿಚ್ ವಾಸಿ

ಇಂಗ್ಲೆಂಡಿನ ಈ ಊರಿಗೆ ಬಂದು ಆರು ವರ್ಷವಾಯಿತು. ಇಲ್ಲಿನ ಫುಟ್‌ಬಾಲ್ ತಂಡದ ಲಾಂಛನದಲ್ಲಿ ಒಂದು ದಪ್ಪ ಕುದುರೆ ಇದೆ. ಕುತ್ತಿಗೆ ಮರದ ಬೊಡ್ಡೆಯಂತೆ, ಹೊಟ್ಟೆ ಪೀಪಾಯಿಯಂತೆ, ಕಾಲು ಮಾತ್ರ ಮೋಟು. ಚಿತ್ರ ಬರೆದವನಿಗೆ ಅಳತೆ ತಪ್ಪಿದೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಹೋದ ಭಾನುವಾರ ಮಗಳನ್ನು ಕರೆದುಕೊಂಡು ಕಡಲ ಕಡೆಯ ಒಂದು ಹಳ್ಳಿಗೆ ಹೋದಾಗ, ತಪ್ಪಿದ್ದು ನನ್ನ ಅಂದಾಜು ಎಂದು ತಿಳಿಯಿತು. ಬೇಲಿಯಾಚೆ ನಿಂತಿದ್ದ ಕುದುರೆ ಆ ಚಿತ್ರಕ್ಕಿಂತಲೂ ದಪ್ಪವಿತ್ತು.

ಊರಿನ ಹೆಸರು ಹಾಲೆಸ್ಲಿ. ಹಾಗೆ ಉಚ್ಚರಿಸಿದರೆ ಇಲ್ಲಿನವರು ನಗುತ್ತಾರೆ, 'ಹೋಸ್ಲಿ' ಎನ್ನಬೇಕು. ಕುದುರೆಯ ಹೆಸರು ಸಫೋಕ್ ಪಂಚ್. ಇಂಗ್ಲೆಂಡಿನ ಪೂರ್ವದ ಸಫೋಕ್ ಮತ್ತು ನಾರ್ಫೋಕ್ ಸೀಮೆಯ ಉಳುಮೆಯ ಕುದುರೆ ಇದು. 1586ರಲ್ಲಿ ಪ್ರಕಟವಾದ ವಿಲಿಯಂ ಕ್ಯಾಮ್ಡೆನ್‌ನ ದೇಶವರ್ಣನೆಯಲ್ಲೇ ಈ ಸೀಮೆಯ ದುಡಿಯುವ ಕುದುರೆಯ ಪ್ರಸ್ತಾಪ ಬರುತ್ತದೆ. ಎತ್ತರ ಸುಮಾರು ಐದೂವರೆ ಅಡಿ, ಅದೂ ಹೆಗಲವರೆಗಿನ ಅಳತೆ. ತೂಕ ಒಂದು ಟನ್ನಿನ ಹತ್ತಿರ. ಇಷ್ಟೊಂದು ಮೈ ಇದ್ದರೂ ನನ್ನ ಮಗಳ ಅಂಗೈಯಿಂದ ಕ್ಯಾರೆಟ್ ಎತ್ತಿಕೊಂಡದ್ದು ಎಷ್ಟು ಹಗುರವಾಗಿ ಎಂದರೆ, ಅವಳು ಕಣ್ಣು ಬಿಡುವ ಹೊತ್ತಿಗೆ ಕೈ ಖಾಲಿಯಾಗಿತ್ತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಈ ಕುದುರೆಗಳು ಉಳಿದುಕೊಂಡ ಜಾಗ. ಬ್ರಿಟಿಷ್ ವಸಾಹತುಗಳಿಗೆ ಹೋಗುವ ಯುವಕರಿಗೆ ಬೇಸಾಯ ಕಲಿಸಲೆಂದು 1887ರಲ್ಲಿ ಅಲ್ಲಿ ಒಂದು ಕಾಲೇಜು ಶುರುವಾಯಿತು. 20ನೇ ಶತಮಾನದ ಮೊದಲ ದಶಕದಲ್ಲಿ ಅದೇ ಜಾಗ ಲಂಡನ್ನಿನ ನಿರುದ್ಯೋಗಿಗಳ ದುಡಿಮೆಯ ಶಿಬಿರವಾಯಿತು. 1938ರಲ್ಲಿ ತಪ್ಪು ಮಾಡಿದ ಹುಡುಗರನ್ನು ಇಡುವ ಬಂದೀಖಾನೆಯಾಯಿತು. ಮುಂದೆ ಹೆಸರಾಂತ ಲೇಖಕನಾದ ಐರ್ಲೆಂಡಿನ ಬ್ರೆಂಡನ್ ಬೇಹನ್ ಹುಡುಗನಾಗಿದ್ದಾಗ ಇಲ್ಲೇ ಸೆರೆಯಲ್ಲಿದ್ದ. ಯಜಮಾನರು ಬದಲಾದರು, ಒಳಗಿದ್ದವರು ಬದಲಾದರು. ಜಮೀನು ಮತ್ತು ಕುದುರೆಲಾಯ ಮಾತ್ರ ಒಬ್ಬರಿಂದ ಒಬ್ಬರಿಗೆ ಸಾಗುತ್ತ ಬಂದವು. ಸುತ್ತಲಿನ ರೈತರೆಲ್ಲ ಟ್ರ್ಯಾಕ್ಟರ್ ಕೊಂಡು ಕುದುರೆಗಳನ್ನು ಕಸಾಯಿಖಾನೆಗೆ ಮಾರುತ್ತಿದ್ದ ಕಾಲದಲ್ಲಿ ಕೈದಿಗಳು ಇಲ್ಲಿ ಮರಿ ಹಾಕಿಸುತ್ತಿದ್ದರು. ಸೆರೆಮನೆಯ ಇಲಾಖೆಗೆ ಕುದುರೆಗಳು ಬೇಡವಾದಾಗ ಒಂದು ಟ್ರಸ್ಟ್ ಹುಟ್ಟಿ, ಜನರಿಂದ ಹಣ ಕೂಡಿಸಿ, 2006ರಲ್ಲಿ ಲಾಯವನ್ನು ವಹಿಸಿಕೊಂಡಿತು.

ಬ್ರಿಟನ್ನಿನಲ್ಲಿ ಈಗ ಐನೂರಕ್ಕಿಂತ ಕಡಿಮೆ ಉಳಿದಿವೆ ಎನ್ನುತ್ತಾರೆ. ನನಗೆ ಕುದುರೆಯ ವಿಷಯದಲ್ಲಿ ಅ ಆ ಇ ಈ ಕೂಡ ತಿಳಿಯದು. ಈ ಚರ್ಚಾಗುಂಪಿನಲ್ಲಿ ದನಕರು ಸಾಕಿದವರು, ಪಶುವೈದ್ಯರು ಇದ್ದೀರಿ. ಈ ಪ್ರಾಣಿಯನ್ನು ನೋಡುವುದು ಹೇಗೆ ಎಂದು ಹೇಳಿಕೊಡಿ.

ನೊಗದಾಳು

ಸ್ವಾಮಿ, ನೋಡಿ ಬಂದೆ ಎಂದಿರಿ, ಏನು ನೋಡಿದಿರಿ? ತೂಕ, ಎತ್ತರ, ಕ್ಯಾರೆಟ್ ತಿಂದದ್ದು. ದುಡಿಯುವ ಪ್ರಾಣಿಯನ್ನು ನಿಂತಾಗ ನೋಡಿದರೆ ಅರ್ಧವೂ ನೋಡಿದಂತಲ್ಲ. ಮೂವತ್ತು ವರ್ಷದಿಂದ ಹಳ್ಳಿಕಾರ್ ಎತ್ತು ಕಟ್ಟುತ್ತಿದ್ದೇನೆ. ಜೋಡಿ ಕೊಳ್ಳುವಾಗ ನಾನು ನೋಡುವುದು ಒಂದನ್ನೇ: ಹೊರೆ ಕಟ್ಟಿ 'ಹೂಂ' ಎಂದಾಗ ಅದು ಮೊದಲು ಏನು ಮಾಡುತ್ತದೆ? ತಲೆ ಎತ್ತುತ್ತದೆಯೋ ತಗ್ಗಿಸುತ್ತದೆಯೋ, ಹಿಂಗಾಲು ಮೊದಲು ಊರುತ್ತದೆಯೋ, ಮುಂಗಾಲು ಒದ್ದಾಡುತ್ತದೆಯೋ. ತಲೆ ಎತ್ತಿ ಜಗ್ಗುವ ಎತ್ತನ್ನು ಬಿಟ್ಟಿ ಕೊಟ್ಟರೂ ತರಬಾರದು.

ಇನ್ನೊಮ್ಮೆ ಹೋದರೆ ಇದನ್ನು ನೋಡಿ ಬನ್ನಿ. ಹಾಗೆಯೇ ಹಣೆಯ ಸುಳಿ ಒಂದೋ ಎರಡೋ ಎಂಬುದನ್ನೂ ನೋಡಿ. ಸುಳಿ ಎಂದರೆ ನಗುವವರು ನಗಲಿ.

ಸುಮ್ಮನೆ ಓದುವವಳು

ಪಂಚ್ ಎಂದರೆ ಗುದ್ದು ಅಲ್ಲವೇ? ಒದೆಯುವ ಕುದುರೆ ಎಂಬ ಅರ್ಥವೇ? ಇದೇ ಹೆಸರಿನ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ನೋಡಿದ ನೆನಪು.

ಇಪ್ಸ್‌ವಿಚ್ ವಾಸಿ

ಗುದ್ದಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿನ ಹಳೆಯ ಆಡುಮಾತಿನಲ್ಲಿ ಪಂಚ್ ಎಂದರೆ ಗಿಡ್ಡಗೆ ದಪ್ಪಗೆ ಇರುವವನು. ನಮ್ಮ ಕಡೆ 'ಗುಂಡ' ಎಂದು ಹೆಸರಿಡುತ್ತೇವಲ್ಲ, ಹಾಗೆ. ಹುಲ್ಲಿನ ಯಂತ್ರ ಇದೇ ಸೀಮೆಯಲ್ಲಿ ತಯಾರಾಗಿ ಕುದುರೆಯ ಹೆಸರು ಇಟ್ಟುಕೊಂಡಿತು. ಕುದುರೆಗಳ ಕೆಲಸ ಕಸಿದುಕೊಂಡ ಯಂತ್ರಗಳ ಕುಲವೇ ಕುದುರೆಯ ಹೆಸರನ್ನೂ ತೆಗೆದುಕೊಂಡದ್ದು ಸ್ವಲ್ಪ ಅತಿಯಾಯಿತು.

ಸುಳಿ ನೋಡಲಿಲ್ಲ, ನೊಗದಾಳು ಅವರೇ. ತಪ್ಪಾಯಿತು. ಆದರೆ ಅಲ್ಲಿದ್ದ ಹಿರಿಯರೊಬ್ಬರಿಂದ ಒಂದಿಷ್ಟು ವಂಶದ ಕಥೆ ಕೇಳಿಸಿಕೊಂಡು ಬಂದಿದ್ದೇನೆ. ಇಂದು ಬದುಕಿರುವ ಪ್ರತಿಯೊಂದು ಸಫೋಕ್ ಕುದುರೆಯ ತಂದೆ, ಅದರ ತಂದೆ ಎಂದು ಹಿಂದೆ ಹಿಂದೆ ಹೋದರೆ ಎಲ್ಲವೂ ಒಂದೇ ಗಂಡು ಕುದುರೆಗೆ ಮುಟ್ಟುತ್ತವೆ. ಅದು ಹುಟ್ಟಿದ್ದು 1768ರಲ್ಲಿ. ಯಜಮಾನ ಅಫರ್ಡ್ ಎಂಬ ಹಳ್ಳಿಯ ಥಾಮಸ್ ಕ್ರಿಸ್ಪ್. ಕುದುರೆಗೆ ಸ್ವಂತ ಹೆಸರು ಕೂಡ ಇರಲಿಲ್ಲವೇನೋ, ದಾಖಲೆಯಲ್ಲಿ 'ಅಫರ್ಡಿನ ಕ್ರಿಸ್ಪನ ಕುದುರೆ' ಎಂದಷ್ಟೇ ಇದೆ. ಬೇರೆ ಗಂಡು ಕುದುರೆಗಳನ್ನೂ ತಂದು ಕೂಡಿಸಿದ್ದುಂಟು. ಆ ಕವಲುಗಳೆಲ್ಲ ಒಂದೊಂದಾಗಿ ಒಣಗಿಹೋಗಿ ಇದೊಂದೇ ಉಳಿಯಿತು.

1877ರಲ್ಲಿ ಇವುಗಳಿಗೆಂದೇ ಒಂದು ಸಂಘ ಹುಟ್ಟಿತು. ಅದರ ಕಾರ್ಯದರ್ಶಿ ಹರ್ಮನ್ ಬಿಡೆಲ್ ಊರೂರು ತಿರುಗಿ, ಹಳೆಯ ಪತ್ರಿಕೆಗಳ ಜಾಹೀರಾತು ಹುಡುಕಿ, ಮುದುಕರನ್ನು ಮಾತಾಡಿಸಿ 1880ರಲ್ಲಿ ವಂಶಾವಳಿಯ ಮೊದಲ ಸಂಪುಟ ಹೊರತಂದ. ನಮ್ಮಲ್ಲಿ ಹೆಳವರು ಮನೆತನಗಳ ಕುಲಾವಳಿ ಬರೆದಿಟ್ಟು ಹಾಡುವುದಿಲ್ಲವೇ? ಇಲ್ಲಿ ಒಬ್ಬ ರೈತ ಕುದುರೆಗಳಿಗೆ ಆ ಕೆಲಸ ಮಾಡಿದ.

ಬಣ್ಣದ ವಿಷಯ ಇನ್ನೂ ಸೊಗಸು. ಎಲ್ಲವೂ ಕೆಂಗಂದು. ಇಂಗ್ಲಿಷಿನಲ್ಲಿ ಚೆಸ್ಟ್‌ನಟ್ ಎನ್ನುತ್ತಾರೆ, ಆದರೆ ಈ ತಳಿಗೆ ಮಾತ್ರ ನಡುವಿನ 'ಟ' ಕಾರ ಬಿಟ್ಟು ಬರೆಯುತ್ತಾರೆ. ಹಳೆಯ ಕಾಗುಣಿತ, ಬಿಡಲು ಒಪ್ಪುವುದಿಲ್ಲ. ಆ ಒಂದೇ ಬಣ್ಣದಲ್ಲಿ ಏಳು ಛಾಯೆಗಳನ್ನು ಬೇರೆ ಗುರುತಿಸುತ್ತಾರೆ: ಹಸಿ ಈಲಿಯಂಥ ಕಡುಗಂದು, ಮಂಕು ಕಂದು, ಹಿಟ್ಟು ಉದುರಿಸಿದಂಥ ತಿಳಿ, ಕೆಂಪು, ಹೊನ್ನು, ನಿಂಬೆ ಮತ್ತು ಹೊಳೆಯುವ ಕಂದು. ನಾನು ಎರಡನ್ನು ಗುರುತಿಸಿದೆ. ಮಗಳು ನಾಲ್ಕು.

ಬಣ್ಣದ ಲೆಕ್ಕ

ತಳಿಶಾಸ್ತ್ರದ ವಿದ್ಯಾರ್ಥಿನಿಯಾಗಿ ಒಂದು ಮಾತು ಸೇರಿಸುತ್ತೇನೆ. ಎಲ್ಲವೂ ಕೆಂಗಂದು ಎನ್ನುವುದು ಕೇಳಲು ಪವಾಡದಂತಿದ್ದರೂ ಇದು ಕುದುರೆಗಳಲ್ಲಿ ಸಾಧಿಸಲು ಅತ್ಯಂತ ಸುಲಭವಾದ ಬಣ್ಣ. ಕಪ್ಪು ವರ್ಣಕ ತಯಾರಾಗಲು ಒಂದು ವಂಶವಾಹಿ ಸರಿಯಾಗಿ ಕೆಲಸ ಮಾಡಬೇಕು. ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಕೆಟ್ಟಿದ್ದರೆ ಮೈಯಲ್ಲಿ ಕೆಂಪು ವರ್ಣಕ ಮಾತ್ರ ಉಳಿಯುತ್ತದೆ, ಕುದುರೆ ಕೆಂಗಂದಾಗುತ್ತದೆ. ಅಂದರೆ ಎರಡು ಕೆಂಗಂದು ಕುದುರೆಗಳನ್ನು ಕೂಡಿಸಿದರೆ ಹುಟ್ಟುವುದು ಕೆಂಗಂದೇ. ಕಪ್ಪು ಕುದುರೆಯ ಹೊಟ್ಟೆಯಲ್ಲಿ ಕೆಂಗಂದು ಹುಟ್ಟಬಹುದು, ಕೆಂಗಂದು ಜೋಡಿಗೆ ಕಪ್ಪು ಹುಟ್ಟುವುದಿಲ್ಲ.

ಆದ್ದರಿಂದ ಬಣ್ಣ ಇಲ್ಲಿ ಒಂದು ಬಗೆಯ ಬೇಲಿ. ಹೊರಗಿನ ಕಪ್ಪು ಅಥವಾ ಕಂದು ಕುದುರೆಯೊಂದು ಕದ್ದು ಸೇರಿದ್ದರೆ ಮರಿಯ ಮೈಯೇ ಸಾಮಾನ್ಯವಾಗಿ ಚಾಡಿ ಹೇಳಿಬಿಡುತ್ತದೆ. ಹೊರಗಿನದೂ ಕೆಂಗಂದೇ ಆಗಿದ್ದರೆ ಮಾತ್ರ ಬೇಲಿ ಕೆಲಸಕ್ಕೆ ಬಾರದು. ರಕ್ತ ಪರೀಕ್ಷೆ ಇಲ್ಲದ ಕಾಲದ ರೈತರಿಗೆ ಇಷ್ಟು ಸಾಕಾಗಿತ್ತು. ಏಳು ಛಾಯೆಗಳು ಮಾತ್ರ ಬೇರೆ ವಂಶವಾಹಿಗಳ ಆಟ. ಅಲ್ಲಿಗೆ ಹೋದರೆ ನನ್ನ ಪರೀಕ್ಷೆಯ ನೆನಪಾಗಿ ತಲೆನೋವು ಬರುತ್ತದೆ.

ನಿವೃತ್ತ ಪಶುವೈದ್ಯೆ

ಬಣ್ಣ ಬಿಡಿ, ಕಾಲು ನೋಡಿ. ಈ ತಳಿಯ ಗುಟ್ಟು ಇರುವುದು ಮೊಣಕಾಲಿನ ಕೆಳಗೆ.

ಶೈರ್, ಕ್ಲೈಡ್ಸ್‌ಡೇಲ್ ಎಂಬ ಬ್ರಿಟನ್ನಿನ ಇನ್ನೆರಡು ಭಾರಿ ಕುದುರೆಗಳ ಚಿತ್ರ ಹುಡುಕಿ ನೋಡಿ. ಗೊರಸಿನ ಸುತ್ತ ಪಾಯಿಜಾಮದ ಅಂಚಿನಂತೆ ಉದ್ದ ಕೂದಲು ಇಳಿಬಿದ್ದಿರುತ್ತದೆ. ಮೆರವಣಿಗೆಯಲ್ಲಿ ನೋಡಲು ಚೆಂದ. ಒದ್ದೆ ಜೇಡಿಮಣ್ಣಿನಲ್ಲಿ ಉಳುವಾಗ ಅದೇ ಕೂದಲಿಗೆ ಮಣ್ಣಿನ ಹೆಂಟೆ ಅಂಟಿ, ಒಣಗಿ, ಒಳಗೆ ತೇವ ಉಳಿದು ಚರ್ಮ ಕೊಳೆಯುತ್ತದೆ, ಹುಳುಕಡ್ಡಿಯಂಥ ಸೋಂಕು ಹತ್ತುತ್ತದೆ. ಸಫೋಕ್ ಸೀಮೆಯ ನೆಲವೆಲ್ಲ ಹೆಚ್ಚಾಗಿ ಅಂಟುಮಣ್ಣು. ಅಲ್ಲಿನ ರೈತರು ಕಾಲಿನಲ್ಲಿ ಕೂದಲಿಲ್ಲದ ಕುದುರೆಯನ್ನೇ ಆರಿಸುತ್ತ ಬಂದರು. ಸಂಜೆ ಒಂದು ಹಿಡಿ ಹುಲ್ಲಿನಿಂದ ಉಜ್ಜಿದರೆ ಕಾಲು ಶುಭ್ರ.

ಎರಡನೆಯದು ಹೊಟ್ಟೆ. ಪೀಪಾಯಿ ಎಂದು ಇಪ್ಸ್‌ವಿಚ್ ವಾಸಿಗಳು ಹಾಸ್ಯ ಮಾಡಿದರು, ಆದರೆ ಅದು ಬುತ್ತಿಗಂಟು. ಬೆಳಗ್ಗೆ ಹೊಟ್ಟೆ ತುಂಬ ತಿಂದರೆ ನಡುವೆ ಮೇವಿಗೆ ಬಿಡದೆ ಬಹುಹೊತ್ತು ದುಡಿಯಬಲ್ಲದು. ಅದೇ ಮೈಗಾತ್ರದ ಬೇರೆ ತಳಿಗಳಿಗಿಂತ ಕಡಿಮೆ ತಿಂದು ಮೈ ಉಳಿಸಿಕೊಳ್ಳುತ್ತದೆ ಎಂಬ ಹೆಸರೂ ಇದೆ. ಬೇಗ ದುಡಿಮೆಗೆ ಬರುತ್ತದೆ, ಬಹುಕಾಲ ಬಾಳುತ್ತದೆ.

ದೋಷವೂ ಇತ್ತು, ಅದನ್ನು ಮುಚ್ಚಿಡಬಾರದು. ಒಂದು ಕಾಲದಲ್ಲಿ ಇವುಗಳ ಗೊರಸು ಮೈಗೆ ತಕ್ಕಷ್ಟು ದೊಡ್ಡದಿರಲಿಲ್ಲ, ಗುಣವೂ ಸಾಲದಾಗಿತ್ತು. ಸಾಕುವವರು ಏನು ಮಾಡಿದರು ಗೊತ್ತೇ? ಜಾತ್ರೆ ಪ್ರದರ್ಶನಗಳಲ್ಲಿ ಗೊರಸಿಗೆಂದೇ ಬೇರೆ ಸ್ಪರ್ಧೆ, ಬೇರೆ ಬಹುಮಾನ ಇಟ್ಟರು. ತಲೆ, ಕುತ್ತಿಗೆ, ಬಾಲ ಯಾವುದನ್ನೂ ನೋಡದೆ ಗೊರಸನ್ನೇ ನೋಡಿ ಅಂಕ. ಕೆಲವು ತಲೆಮಾರುಗಳಲ್ಲಿ ದೋಷ ಹೋಯಿತು, ಇಂದು ಗೊರಸೇ ಇದರ ಹೆಮ್ಮೆ. ಎಷ್ಟೋ ದನಗಳ ಜಾತ್ರೆಗಳಿಗೆ ತೀರ್ಪುಗಾರ್ತಿಯಾಗಿ ಹೋಗಿದ್ದೇನೆ. ಕೊಂಬಿಗೆ ಕೊಡುವ ಗಮನದಲ್ಲಿ ಕಾಲುಭಾಗ ಗೊರಸಿಗೆ ಕೊಡಿ ಎಂದರೆ ಸಂಘಟಕರು ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ಹೊಸಬ

ಒಂದು ಜೋಡಿ ತಂದು ನಮ್ಮ ಕಡೆ ಸಾಕಿದರೆ ಹೇಗೆ? ಬಿಸಿಲಿಗೆ ಸತ್ತು ಹೋಗುತ್ತವೆಯೇ? ರೆಸಾರ್ಟಿನಲ್ಲಿ ಗಾಡಿಗೆ ಕಟ್ಟಿದರೆ ಜನ ಮುಗಿಬೀಳುತ್ತಾರೆ.

ನಿವೃತ್ತ ಪಶುವೈದ್ಯೆ

ಬಿಸಿಲಿಗೆ ಸಾಯುವುದಿಲ್ಲ. ಮೈ ದೊಡ್ಡದಾದಷ್ಟೂ ಒಳಗಿನ ಕಾವು ಹೊರಹೋಗುವುದು ಕಷ್ಟ ಎಂಬುದು ನಿಜ. ಆದರೂ ಕಳೆದ ಶತಮಾನದಲ್ಲಿ ಪಾಕಿಸ್ತಾನಕ್ಕೆ ಸಫೋಕ್ ಕುದುರೆಗಳು ಹೋಗಿವೆ. ಅಲ್ಲಿನ ನಾಡ ಕುದುರೆಗಳ ಜೊತೆ ಕೂಡಿಸಿ ಸೇನೆಗೆ ಕುದುರೆಗಳನ್ನೂ, ಕತ್ತೆಗಳ ಜೊತೆ ಕೂಡಿಸಿ ಹೇಸರಗತ್ತೆಗಳನ್ನೂ ಪಡೆದರು. ಅಲ್ಲಿನ ಹವೆಗೆ ಚೆನ್ನಾಗಿಯೇ ಒಗ್ಗಿಕೊಂಡವು. ಬೆಟ್ಟದ ದಾರಿಯಲ್ಲಿ ತೋಪಿನ ಬಿಡಿಭಾಗ ಹೊರುವ ಹೇಸರಗತ್ತೆಗೆ ತಾಯಿ ಗಟ್ಟಿಯಾಗಿರಬೇಕು ಎಂಬುದು ಲೆಕ್ಕ.

ಆದರೆ ನಿಮ್ಮ ಉದ್ದೇಶ ಕೇಳಿದ ಮೇಲೆ ನನ್ನ ಸಲಹೆ: ಬೇಡ. ಟನ್ ತೂಕದ ಕುದುರೆಗೆ ಲಾಳ ಹೊಡೆಯುವವನನ್ನು ಮೊದಲು ಹುಡುಕಿ, ಆಮೇಲೆ ಕುದುರೆ.

ಹಳದಿ ಹೊಲ, ಡೆನ್ಮಾರ್ಕ್

ನಾನಿರುವುದು ಯುಟ್‌ಲ್ಯಾಂಡಿನಲ್ಲಿ. ಇಲ್ಲಿಯೂ ಒಂದು ಕೆಂಗಂದು ಭಾರಿ ಕುದುರೆ ಇದೆ, ಯುಟ್‌ಲ್ಯಾಂಡ್ ಕುದುರೆ ಎಂದೇ ಹೆಸರು. ಕಾರ್ಲ್ಸ್‌ಬರ್ಗ್ ಬಿಯರ್ ಗಾಡಿ ಎಳೆಯುತ್ತಿದ್ದವು ಇವೇ. ನಿಮ್ಮ ಚರ್ಚೆ ಓದಿದ ಮೇಲೆ ಇದರ ವಂಶ ಹುಡುಕಿದೆ. 1860ರ ದಶಕದಲ್ಲಿ ಇಂಗ್ಲೆಂಡಿನಿಂದ ತಂದ ಒಪ್ಪನ್‌ಹೈಮ್ ಎಂಬ ಗಂಡು ಕುದುರೆ ಇದರ ಮೂಲಪುರುಷರಲ್ಲಿ ಒಬ್ಬ. ಸಫೋಕ್ ಎಂದು ಕೆಲವರು, ಶೈರ್ ರಕ್ತವೂ ಬೆರೆತಿತ್ತು ಎಂದು ಕೆಲವರು. ಅದರ ಹೆಸರಿನ ಪಕ್ಕ ರೋಮನ್ ಅಂಕಿಯಲ್ಲಿ 62 ಎಂದು ಬರೆಯುತ್ತಾರೆ. ಅರವತ್ತೆರಡನೆಯ ಒಪ್ಪನ್‌ಹೈಮ್! ರಾಜಮನೆತನಗಳಲ್ಲೂ ಇಷ್ಟು ದೊಡ್ಡ ಅಂಕಿ ಅಪರೂಪ.

ಇಲ್ಲಿನ ಕುದುರೆಯ ಕಾಲಿನಲ್ಲಿ ಮಾತ್ರ ಕೂದಲಿದೆ. ಡಾಕ್ಟರಮ್ಮ ಹೇಳಿದ ಗುಟ್ಟು ಸಮುದ್ರ ದಾಟುವಾಗ ಬಿದ್ದುಹೋಗಿದೆ.

ನೊಗದಾಳು

ಎಲ್ಲ ಓದಿದೆ. ಕಾಲಿನ ಕೂದಲು, ಗೊರಸಿನ ಬಹುಮಾನ, ಇವು ಕೆಲಸದ ಮಾತು, ಡಾಕ್ಟರಮ್ಮನವರಿಗೆ ನಮಸ್ಕಾರ. ಆದರೆ ಒಂದು ಪ್ರಶ್ನೆ ಎದೆಯಲ್ಲಿ ಕುಳಿತಿದೆ, ಒರಟಾಗಿ ಕೇಳುತ್ತೇನೆ.

ಉಳಲು ಹುಟ್ಟಿಸಿದ ಪ್ರಾಣಿ. ಉಳುಮೆ ಮುಗಿಯಿತು. ಈಗ ಟ್ರಸ್ಟ್ ಕಟ್ಟಿ, ಚಂದಾ ಎತ್ತಿ, ಬೇಲಿಯೊಳಗೆ ನಿಲ್ಲಿಸಿ, ಟಿಕೆಟ್ ಹರಿದು ಮಕ್ಕಳಿಂದ ಕ್ಯಾರೆಟ್ ತಿನ್ನಿಸಿದರೆ ಉಳಿದದ್ದು ಏನು? ಬಣ್ಣ ಉಳಿಯಿತು, ಹೊಟ್ಟೆ ಉಳಿಯಿತು. ಎಳೆಯುವ ಬುದ್ಧಿ? ನನ್ನ ಹಟ್ಟಿಯಲ್ಲೇ ನೋಡುತ್ತಿದ್ದೇನೆ. ಈಚೆಗೆ ಹಳ್ಳಿಕಾರ್ ಹೋರಿಗೆ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ, ಮೈ ತಿಕ್ಕಿ ಎಣ್ಣೆ ಹಚ್ಚಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ನೊಗ ಹೊರಿಸುವುದಿಲ್ಲ. ಅಂಥ ಹೋರಿಯ ಕರುವನ್ನು ನೇಗಿಲಿಗೆ ಹೂಡಿದರೆ ಸಾಲಿನಲ್ಲಿ ನಿಂತು ಆಕಾಶ ನೋಡುತ್ತದೆ. ಅದರ ತಪ್ಪಲ್ಲ. ಅದರ ಅಪ್ಪನನ್ನು ಯಾರೂ ಕೆಲಸ ನೋಡಿ ಆರಿಸಲಿಲ್ಲ.

ಐನೂರು ಉಳಿದಿವೆ ಎನ್ನುತ್ತೀರಿ. ಅದರಲ್ಲಿ ದಿನಕ್ಕೊಂದು ಎಕರೆ ಉಳುವವು ಎಷ್ಟು?

ಇಪ್ಸ್‌ವಿಚ್ ವಾಸಿ

ಒರಟಲ್ಲ, ಸರಿಯಾದ ಪ್ರಶ್ನೆ. ನನಗೆ ತಿಳಿದಷ್ಟು ಹೇಳುತ್ತೇನೆ, ಪೂರ್ತಿ ಉತ್ತರವಾಗದಿದ್ದರೆ ಮನ್ನಿಸಿ.

ಮೊದಲು ಆ ಒಂದು ಎಕರೆಯ ಲೆಕ್ಕ. ಇಲ್ಲಿ ಜೋಡಿ ಕುದುರೆಗೆ ದಿನಕ್ಕೊಂದು ಎಕರೆ ಎಂಬುದೇ ಹಳೆಯ ಅಳತೆ. ಒಂಬತ್ತು ಅಂಗುಲ ಅಗಲದ ಸಾಲು ಹಿಡಿದರೆ ಒಂದು ಎಕರೆ ಮುಗಿಸಲು ಸುಮಾರು ಹದಿನೆಂಟು ಕಿಲೋಮೀಟರ್ ನಡೆಯಬೇಕು. ಕಾಗದದಲ್ಲಿ ಗುಣಿಸಿ ನೋಡಿ ಗಾಬರಿಯಾದೆ. ಕುದುರೆಯಷ್ಟೇ ದೂರವನ್ನು ಅದರ ಹಿಂದೆ ನೇಗಿಲು ಹಿಡಿದವನೂ ನಡೆದಿರುತ್ತಾನೆ, ಅದೂ ಮಣ್ಣು ಅಂಟಿದ ಬೂಟಿನಲ್ಲಿ.

ಈ ತಳಿ ಕ್ಷೀಣಿಸಿದ್ದಕ್ಕೆ ಟ್ರ್ಯಾಕ್ಟರ್ ಒಂದೇ ಕಾರಣವಲ್ಲ. ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಜೌಗು, ಹೀಗಾಗಿ ಈ ಸೀಮೆ ಒಂದು ಮೂಲೆ. ರೈತರು ಮಾರಲೆಂದು ಅಲ್ಲ, ತಮ್ಮ ಹೊಲಕ್ಕೆಂದೇ ಮರಿ ಹಾಕಿಸುತ್ತಿದ್ದರು. ಆದ್ದರಿಂದ ತಳಿ ಶುದ್ಧವಾಗಿ ಉಳಿಯಿತು, ಆದರೆ ಹೊರಗೆ ಹರಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಭಾರಿ ಕುದುರೆಗಳು ತೋಪು ಎಳೆಯಲು ಹೋದವು. ಎರಡನೆಯ ಯುದ್ಧದ ನಂತರ ಪೂರ್ವದ ದೊಡ್ಡ ದೊಡ್ಡ ಬಯಲು ಹೊಲಗಳಿಗೆ ಎಲ್ಲಕ್ಕಿಂತ ಮೊದಲು ಯಂತ್ರ ಬಂತು. 1966ರಲ್ಲಿ ನೋಂದಣಿಯಾದ ಮರಿಗಳು ಎಷ್ಟು ಗೊತ್ತೇ? ಒಂಬತ್ತು. ಇಡೀ ವರ್ಷಕ್ಕೆ ಒಂಬತ್ತು. ಕುದುರೆಯ ಬಸಿರು ಹನ್ನೊಂದು ತಿಂಗಳು, ಒಂದು ಸಲಕ್ಕೆ ಒಂದು ಮರಿ. ಕೋಳಿಯಂತೆ ಒಂದೇ ವರ್ಷದಲ್ಲಿ ಸುಧಾರಿಸಿಕೊಳ್ಳಲಾಗದು.

1973ರಲ್ಲಿ ಅಪರೂಪದ ತಳಿಗಳನ್ನು ಉಳಿಸುವ ಟ್ರಸ್ಟ್ ಬ್ರಿಟನ್ನಿನಲ್ಲಿ ಹುಟ್ಟಿತು. ಅದರ ಪಟ್ಟಿಯಲ್ಲಿ ಸಫೋಕ್ ಕುದುರೆ ಅತ್ಯಂತ ಅಪಾಯದಲ್ಲಿರುವ ತಳಿಗಳ ಸಾಲಿನಲ್ಲೇ ಇದೆ. 2020ರಲ್ಲಿ ಗಂಡು ಹೆಣ್ಣು ಬೇರ್ಪಡಿಸಿದ ವೀರ್ಯದಿಂದ ಒಂದು ಹೆಣ್ಣುಮರಿ ಹುಟ್ಟಿದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಆ ಟ್ರಸ್ಟಿನ ಜೊತೆ ಸೇರಿ ಮಾಡಿದ ಕೆಲಸ ಅದು. ಹೆಣ್ಣು ಹುಟ್ಟಿತೆಂದು ಊರೆಲ್ಲ ಸಂಭ್ರಮಪಟ್ಟ ಸುದ್ದಿ ಓದಿ ನನ್ನ ಹೆಂಡತಿ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಅಮೆರಿಕದಲ್ಲಿಯೂ ಇವೆ. ಅಲ್ಲಿ ಸಂಖ್ಯೆ ಕುಸಿದಾಗ 1970ರ ದಶಕದಲ್ಲಿ ಬೆಲ್ಜಿಯನ್ ಕುದುರೆಯ ಜೊತೆ ಕೂಡಿಸಲು ಒಪ್ಪಿದರು, ಹುಟ್ಟಿದ ಹೆಣ್ಣುಮರಿಗಳನ್ನು ಮಾತ್ರ ವಂಶಾವಳಿಯ ಪುಸ್ತಕಕ್ಕೆ ಸೇರಿಸಿದರು. ಬ್ರಿಟನ್ನಿನ ಸಂಘ ಅಂಥ ರಕ್ತವನ್ನು ಒಪ್ಪುವುದಿಲ್ಲ. ಯಾರು ಸರಿ ಎಂದು ಡಾಕ್ಟರಮ್ಮ ಹೇಳಬೇಕು.

ಇನ್ನು ನಿಮ್ಮ ಪ್ರಶ್ನೆ. ಕೆಲವರು ಇವುಗಳನ್ನು ಕಾಡಿನಲ್ಲಿ ಮರದ ದಿಮ್ಮಿ ಎಳೆಯಲು ಬಳಸುತ್ತಾರೆ. ಯಂತ್ರ ಹೋದಲ್ಲಿ ನೆಲ ಗಟ್ಟಿಯಾಗಿ ಸಸಿ ಹತ್ತುವುದಿಲ್ಲ, ಕುದುರೆ ಮರಗಳ ನಡುವೆ ನುಸುಳಿ ಹೋಗುತ್ತದೆ. ಗಾಡಿ ಎಳೆಯುತ್ತವೆ, ಉಳುಮೆಯ ಪಂದ್ಯಗಳಿಗೆ ಬರುತ್ತವೆ. ಆದರೆ ದಿನಕ್ಕೊಂದು ಎಕರೆ, ವಾರಕ್ಕೆ ಆರು ದಿನ? ನಾನು ನೋಡಿದ ಲಾಯದಲ್ಲಂತೂ ಇಲ್ಲ.

ನಿವೃತ್ತ ಪಶುವೈದ್ಯೆ

ಯಾರು ಸರಿ ಎಂದು ನನ್ನನ್ನು ಕೇಳಿದ್ದೀರಿ. ಐನೂರರೊಳಗಿನ ಗುಂಪಿನಲ್ಲಿ ಪುಸ್ತಕದ ಶುದ್ಧತೆಯನ್ನೇ ಹಿಡಿದು ಕುಳಿತರೆ ಅಣ್ಣತಮ್ಮಂದಿರ ಮಕ್ಕಳನ್ನೇ ಮತ್ತೆ ಮತ್ತೆ ಕೂಡಿಸಬೇಕಾಗುತ್ತದೆ. ಬಾಗಿಲು ಪೂರ್ತಿ ತೆರೆದರೆ ಇಪ್ಪತ್ತು ವರ್ಷದಲ್ಲಿ ಉಳಿಯುವುದು ಹೆಸರು ಮಾತ್ರ. ಅಮೆರಿಕದವರು ಹೆಣ್ಣುಗಳನ್ನು ಮಾತ್ರ ಒಳಗೆ ಬಿಟ್ಟದ್ದು ಜಾಣತನ. ತಂದೆಯ ಸಾಲು ಹಾಗೆಯೇ ಉಳಿಯಿತು. ನನ್ನ ಮತ ಅವರಿಗೆ. ಬ್ರಿಟನ್ನಿನ ಹಿರಿಯರು ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಕಥೆ ಕೂಡಿಸುವವನು

ಕುದುರೆಯ ಮಾತಾಯಿತು, ಕುದುರೆಯಾಳಿನ ಮಾತು ಯಾರೂ ಎತ್ತಲಿಲ್ಲ. ಜನಪದ ಓದುವ ಚಟ ನನ್ನದು. 20ನೇ ಶತಮಾನದ ನಡುವಿನಲ್ಲಿ ಈ ಸೀಮೆಯ ಮುದಿ ಕುದುರೆಯಾಳುಗಳನ್ನು ಮಾತಾಡಿಸಿ ಬರೆದಿಟ್ಟ ನೆನಪುಗಳಿವೆ. ಅವರಲ್ಲಿ ಒಂದು ಗುಟ್ಟಿನ ವಿದ್ಯೆ ಇತ್ತು. ನೆಲಗಪ್ಪೆಯೊಂದನ್ನು ಕೊಂದು ಒಣಗಿಸಿ, ಇರುವೆಗೂಡಿನಲ್ಲಿ ಹೂತು ಮೂಳೆ ಮಾತ್ರ ಉಳಿಯುವಂತೆ ಮಾಡಬೇಕು. ಆ ಮೂಳೆಗಳನ್ನು ನಡುರಾತ್ರಿ ಹರಿಯುವ ತೊರೆಗೆ ಹಾಕಬೇಕು. ಒಂದು ಮೂಳೆ ನೀರಿಗೆ ಎದುರಾಗಿ ತೇಲುತ್ತದಂತೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡವನ ಮಾತನ್ನು ಯಾವ ಕುದುರೆಯೂ ಮೀರುವುದಿಲ್ಲ.

ನಗಬೇಡಿ, ಒಳಗೊಂದು ನಿಜವಿದೆ. ಮೂಳೆಯ ಜೊತೆ ಅವರು ಬಳಸುತ್ತಿದ್ದದ್ದು ವಾಸನೆ. ಕುದುರೆಯ ಮೂಗು ಬಹಳ ಸೂಕ್ಷ್ಮ. ದಾಲ್ಚಿನ್ನಿ, ದೊಡ್ಡಸೋಂಪು, ರೋಸ್‌ಮರಿ ಮುಂತಾದವುಗಳ ಎಣ್ಣೆ ಹಚ್ಚಿಕೊಂಡು ಕರೆದರೆ ಹಿಂದೆ ಬರುತ್ತಿತ್ತು. ಕೊಳೆತ ಈಲಿಯ ಪುಡಿಯಂಥ ಕೆಟ್ಟ ವಾಸನೆಯನ್ನು ಬಾಗಿಲ ಕಂಬಕ್ಕೆ ಸವರಿದರೆ ಎಷ್ಟು ಹೊಡೆದರೂ ಕುದುರೆ ಆ ಬಾಗಿಲು ದಾಟುತ್ತಿರಲಿಲ್ಲ. ಯಜಮಾನ ಬಂದು ಕೂಗಾಡಿ ಸೋತ ಮೇಲೆ, ಗುಟ್ಟು ಬಲ್ಲ ಆಳು ಹಾಲು ಅಥವಾ ವಿನೆಗರಿನಿಂದ ಸದ್ದಿಲ್ಲದೆ ಒರೆಸಿ ಕುದುರೆಯನ್ನು ನಡೆಸಿಕೊಂಡು ಹೋಗುತ್ತಿದ್ದ. ಕೂಲಿಯವನ ಕೈಯಲ್ಲಿ ಯಜಮಾನನ ಎದುರು ಇದ್ದದ್ದು ಅದೊಂದೇ ಅಸ್ತ್ರ.

ಎಳೆತದ ಪಂದ್ಯಗಳೂ ಇದ್ದವು. 18ನೇ ಶತಮಾನದಲ್ಲಿ ಸಿರಿವಂತರು ಬಾಜಿ ಕಟ್ಟಿ, ಮರಳು ತುಂಬಿದ ಗಾಡಿಗೆ ಕುದುರೆ ಹೂಡುತ್ತಿದ್ದರು. ಸಫೋಕ್ ಕುದುರೆಗಳು ಮೊಣಕಾಲೂರಿ ನೆಲಕ್ಕೆ ಬಾಗಿ ಎಳೆಯುತ್ತಿದ್ದವು ಎಂದು ಆ ಕಾಲದವರೇ ಬರೆದಿದ್ದಾರೆ. ನೊಗದಾಳು ಅವರ ಪ್ರಶ್ನೆಗೆ ಒಂದು ಉತ್ತರ ಇಲ್ಲಿರಬಹುದು.

ನೊಗದಾಳು

ಮೊಣಕಾಲೂರುತ್ತಿತ್ತೇ? ಇದನ್ನು ಮೊದಲೇ ಹೇಳಬಾರದಿತ್ತೇ!

ನಮ್ಮ ಅಜ್ಜನ ಕಾಲದ ಒಂದು ಎತ್ತು ಕೆಸರುಗದ್ದೆಯಲ್ಲಿ ಕಬ್ಬಿನ ಗಾಡಿ ಹೂತಾಗ ಹೀಗೇ ಮಾಡುತ್ತಿತ್ತು ಎಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಅದನ್ನು ಯಾರೂ ಕಲಿಸಿರಲಿಲ್ಲ. ಇಪ್ಸ್‌ವಿಚ್‌ನವರೇ, ನಾನು ಹೇಳಿದ್ದನ್ನು ನೋಡದೆ ಈ ಚರ್ಚೆ ಮುಗಿಸಬೇಡಿ. ವಾಸನೆ ಮೂಳೆ ಏನೇ ಇರಲಿ, ಅಲ್ಲಿ ಕುದುರೆ ಹೂಡುವ ಆಳುಗಳು ಯಾರು, ವಯಸ್ಸೆಷ್ಟು, ಯಾರಿಂದ ಕಲಿತರು, ಅದನ್ನೂ ಕೇಳಿ. ಐನೂರು ಕುದುರೆ ಇದ್ದು ಹೂಡುವವರು ಐವತ್ತು ಜನ ಇಲ್ಲದಿದ್ದರೆ ಕಡಿಮೆಯಾಗಿರುವುದು ಕುದುರೆಯಲ್ಲ.

ಇಪ್ಸ್‌ವಿಚ್ ವಾಸಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮಳೆಯ ಕಾರಣ ಎರಡು ಭಾನುವಾರ ಹಾಳಾದವು.

ಮೊನ್ನೆ ಹೋದಾಗ ಒಂದು ಹೆಣ್ಣುಕುದುರೆಗೆ ದಿಮ್ಮಿ ಎಳೆಯುವ ಅಭ್ಯಾಸ ಮಾಡಿಸುತ್ತಿದ್ದರು. ಹೂಡುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಅವಳ ಅಪ್ಪ ಅಮ್ಮ ಇಬ್ಬರೂ ಕಚೇರಿಯ ಕೆಲಸದವರು, ಮನೆತನದಲ್ಲಿ ಕುದುರೆ ಇರಲೇ ಇಲ್ಲ. ನಿವೃತ್ತರಾದ ಒಬ್ಬ ಕುದುರೆಯಾಳಿನ ಜೊತೆ ಎರಡು ವರ್ಷ ಸುತ್ತಾಡಿ ಕಲಿತಳಂತೆ. ಆ ಹಿರಿಯರೂ ಬೇಲಿಗೆ ಒರಗಿ ನಿಂತಿದ್ದರು. ಮೊದಲ ಭೇಟಿಯಲ್ಲಿ ವಂಶದ ಕಥೆ ಹೇಳಿದ್ದು ಅವರೇ. ಮಾತಾಡುತ್ತಿರಲಿಲ್ಲ, ಆಗಾಗ ನಾಲಿಗೆಯಿಂದ ಲೊಚ್ಚೆಂಬ ಸದ್ದು ಮಾಡುತ್ತಿದ್ದರು. ಕುದುರೆಯ ಕಿವಿ ಅವಳ ಕಡೆಗಲ್ಲ, ಅವರ ಕಡೆಗೆ ತಿರುಗುತ್ತಿತ್ತು. ಅವಳಿಗೂ ಅದು ಗೊತ್ತಾಗುತ್ತಿತ್ತು ಎಂದು ಕಾಣುತ್ತದೆ, ತುಟಿ ಕಚ್ಚಿಕೊಳ್ಳುತ್ತಿದ್ದಳು.

ಈಗ ನಿಮ್ಮ ಪ್ರಶ್ನೆ. ಮೊದಲ ಸಲ ಹಗ್ಗ ಬಿಗಿಯಾದಾಗ ತಲೆ ಎತ್ತಿತು. ದಿಮ್ಮಿ ಅಲುಗಲಿಲ್ಲ. ಹುಡುಗಿ ನಿಲ್ಲಿಸಿ, ಕೊರಳಪಟ್ಟಿ ಸರಿಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಎರಡನೆಯ ಸಲ ತಲೆ ತಗ್ಗಿತು, ಮೂತಿ ಮೊಣಕಾಲಿನ ಮಟ್ಟಕ್ಕೆ ಬಂತು, ಹಿಂಗಾಲು ಎರಡೂ ಹೊಟ್ಟೆಯ ಕೆಳಗೆ ಸರಿದು ಊರಿದವು. ಆಮೇಲೆ ಎಳೆದಂತೆಯೇ ಕಾಣಲಿಲ್ಲ. ಮುಂದಕ್ಕೆ ಒರಗಿದಂತೆ ಇತ್ತು, ದಿಮ್ಮಿ ತಾನಾಗಿ ಹಿಂದೆ ಬಂತು. ಮೊಣಕಾಲು ಊರಲಿಲ್ಲ, ಅಷ್ಟು ಭಾರದ ದಿಮ್ಮಿ ಅದಲ್ಲ.

ಸುಳಿ ಒಂದೇ. ಹಣೆಯ ನಡುವೆ, ಕಣ್ಣಿನ ಗೆರೆಗಿಂತ ಒಂದಂಗುಲ ಮೇಲೆ. ಮಗಳು ಬೆರಳಿಟ್ಟು ನೋಡಿದಳು.

ನೊಗದಾಳು

ಮೊದಲ ಸಲ ತಲೆ ಎತ್ತಿದ್ದು ಕೊರಳಪಟ್ಟಿ ಮೇಲೆ ಕುಳಿತದ್ದರಿಂದ, ಉಸಿರುಗೊಳವೆ ಒತ್ತಿರಬೇಕು. ಹುಡುಗಿಗೆ ಅದು ಹೊಳೆದಿದೆ. ಹಿರಿಯರಿಗೆ ಹೇಳಿ, ಮುಂದಿನ ಸಲ ಬೇಲಿಯ ಹತ್ತಿರ ನಿಲ್ಲಬಾರದು, ಕುದುರೆಗೆ ಕಾಣದ ಹಾಗೆ ಮನೆಯೊಳಗೆ ಕುಳಿತುಕೊಳ್ಳಲಿ.

ಸುಮ್ಮನೆ ಓದುವವಳು

ಕಣ್ಣಿನ ಗೆರೆಗಿಂತ ಮೇಲೆ ಒಂದೇ ಸುಳಿ ಇದ್ದರೆ ಒಳ್ಳೆಯದೋ ಕೆಟ್ಟದ್ದೋ, ಅದನ್ನು ಹೇಳದೆ ಹೋದಿರಲ್ಲ?

ನೊಗದಾಳು

ಎತ್ತಿಗಾದರೆ ಒಳ್ಳೆಯದು. ಕುದುರೆಗೆ ಡಾಕ್ಟರಮ್ಮನವರನ್ನು ಕೇಳಿ.

ನಿವೃತ್ತ ಪಶುವೈದ್ಯೆ

ನನ್ನನ್ನು ಸುಳಿಗೆ ಎಳೆಯಬೇಡಿ. ಗೊರಸಿನ ಫೋಟೋ ಇದ್ದರೆ ಹಾಕಿ.